ಟೀ ಶರ್ಟ್ ದರ ಮತ್ತು ಆರ್ಡರ್ ಅವಧಿ ಬದಲಾಗುತ್ತಿದೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ,

ಮೊದಲು ವಿಷಯ ಹೇಳಿಬಿಡುತ್ತೇವೆ. ಈ ಏಪ್ರಿಲ್ 1ರಿಂದ ನಮ್ಮ ಹೊಲಿಗೆ ಸಹಕಾರಿ ಸಂಘವು ಹೊರಗಿನ ಜಾಬ್ ವರ್ಕ್ ಘಟಕದಿಂದ (ಬೇರೆಯವರ ಆರ್ಡರ್ ಹೊಲಿದುಕೊಡುವ ಕಡೆಯಿಂದ) ಟೀ ಶರ್ಟ್ ತರಿಸುವುದನ್ನು ನಿಲ್ಲಿಸುತ್ತಿದೆ. ಶಾಲೆಯ ಆಟದ ಟೀ ಶರ್ಟ್, ಕ್ರಿಕೆಟ್ ತಂಡದ್ದು, ದೇವಸ್ಥಾನದ ಬ್ರಹ್ಮಕಲಶಕ್ಕೆ ಸ್ವಯಂಸೇವಕರಿಗೆ ಕೊಡುವುದು, ಎಲ್ಲವನ್ನೂ ಇನ್ನು ಉಡುಪಿಯಲ್ಲೇ, ನಮ್ಮ ಸದಸ್ಯೆಯರೇ ಹೊಲಿಯುತ್ತಾರೆ. ಟೀ ಶರ್ಟ್ ಹೊಲಿಗೆಗೆ ಬೇಕಾದ ಓವರ್‌ಲಾಕ್, ಫ್ಲಾಟ್‌ಲಾಕ್ ಮೆಷಿನ್‌ಗಳನ್ನು ಸಾಲ ಮಾಡಿ ತಂದಿದ್ದೇವೆ. 240 ರೂಪಾಯಿ ಇದ್ದ ಕಾಲರ್ ಟೀ ಶರ್ಟ್ ಇನ್ನು 310 ರೂಪಾಯಿ. 100 ಪೀಸ್‌ಗಿಂತ ಜಾಸ್ತಿ ಬೇಕಿದ್ದರೆ 30 ದಿನ ಮೊದಲೇ ಆರ್ಡರ್ ಕೊಡಬೇಕು.

ಒಂದು ಟೀ ಶರ್ಟ್‌ಗೆ 70 ರೂಪಾಯಿ ಏರಿಸುವುದು ಸಣ್ಣ ವಿಷಯ ಅಲ್ಲ. ಕಾರಣ ಕೇಳುವ ಹಕ್ಕು ನಿಮಗಿದೆ.

ನಮಗೆ ಟೀ ಶರ್ಟ್ ಬರುತ್ತಿದ್ದದ್ದು ಬೆಂಗಳೂರಿನ ಹೊರವಲಯದ ಒಂದು ಘಟಕದಿಂದ. ಸಂಘದ ಇಬ್ಬರು ಸದಸ್ಯೆಯರು ಬಟ್ಟೆಯ ಗುಣಮಟ್ಟ ನೋಡಲು ಅಲ್ಲಿಗೆ ಹೋಗಿದ್ದರು. ಹೊಲಿಯುತ್ತಿದ್ದವರಲ್ಲಿ ಹೆಚ್ಚಿನವರು ಒಡಿಶಾ, ಜಾರ್ಖಂಡ್ ಕಡೆಯ ಹುಡುಗಿಯರು. ಹಿಂದೆಯೇ ಹಾಸ್ಟೆಲ್. ಶಿಫ್ಟ್ ಮುಗಿದ ಮೇಲೆ ಗೇಟಿಗೆ ಬೀಗ. ಭಾನುವಾರ ಕೆಲವೇ ಗಂಟೆ ಹೊರಗೆ ಬಿಡುತ್ತಾರೆ, ಅದೂ ವಾರ್ಡನ್ ಪುಸ್ತಕದಲ್ಲಿ ಸಹಿ ಮಾಡಿ. ಆಧಾರ್ ಕಾರ್ಡ್ ಆಫೀಸಿನ ಕಪಾಟಿನಲ್ಲಿ. ತಿಂಗಳಿಗೆ ಎಷ್ಟು ಗಂಟೆ ಓಟಿ (ಹೆಚ್ಚುವರಿ ದುಡಿಮೆ) ಆಯಿತು, ಅದಕ್ಕೆ ಎಷ್ಟು ಬಂತು ಎಂದು ಹೇಳಲು ಅವರಲ್ಲಿ ಯಾರಿಗೂ ಆಗಲಿಲ್ಲ. ಯಾಕೆಂದರೆ ಸಂಬಳದ ಚೀಟಿಯನ್ನೇ ಕೊಡುತ್ತಿರಲಿಲ್ಲ.

ನಾವು ಮಾಲೀಕರ ಬಳಿ ಹಾಜರಿ ಪುಸ್ತಕ, ಸಂಬಳದ ಚೀಟಿ, ಪಿಎಫ್ ಕಟ್ಟಿದ ರಸೀದಿ ಕೇಳಿದೆವು. "ಅದೆಲ್ಲ ನಿಮಗ್ಯಾಕೆ, ರೇಟ್ ಸರಿ ಇದೆ ಅಲ್ವಾ?" ಎಂಬ ಉತ್ತರ ಬಂತು. ಅಲ್ಲಿಗೆ ವ್ಯವಹಾರ ಮುಗಿಸಿದೆವು.

ಇದು ಒಂದೇ ಘಟಕದ ಕಥೆಯಾಗಿದ್ದರೆ ಬೇರೆ ಘಟಕ ಹುಡುಕಿ ಸುಮ್ನಾಗುತ್ತಿದ್ದೆವು. ಹಾಗಲ್ಲ. 2018ರ ಜನವರಿಯಲ್ಲಿ ನೆದರ್ಲೆಂಡ್ಸ್‌ನ ಒಂದು ಸಂಸ್ಥೆ ಮತ್ತು ಬೆಂಗಳೂರಿನ ಗಾರ್ಮೆಂಟ್ ಲೇಬರ್ ಯೂನಿಯನ್ ಸೇರಿ, ಬೆಂಗಳೂರಿನ ಗಾರ್ಮೆಂಟ್ಸ್ ಹಾಸ್ಟೆಲ್‌ಗಳಲ್ಲಿರುವ ವಲಸೆ ಹುಡುಗಿಯರ ಬಗ್ಗೆ ವರದಿ ಹೊರತಂದಿದ್ದವು. ಹೊರಗೆ ಓಡಾಡಲು ತಡೆ, ಊರಲ್ಲಿ ಹೇಳಿದ ಸಂಬಳ ಒಂದು ಕೈಗೆ ಬರುವುದು ಇನ್ನೊಂದು, ಬೈಗುಳ, ಬೆದರಿಕೆ. ನಮ್ಮ ಸದಸ್ಯೆಯರು ಕಂಡದ್ದಕ್ಕೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಈ ಹುಡುಗಿಯರಲ್ಲಿ ಅನೇಕರು ಕಳ್ಳದಾರಿಯಲ್ಲಿ ಬಂದವರೂ ಅಲ್ಲ. ಕೇಂದ್ರ ಸರ್ಕಾರ 2014ರಲ್ಲಿ ಶುರು ಮಾಡಿದ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ಹೊಲಿಗೆ ಕಲಿತು, ಕೆಲಸ ಸಿಕ್ಕಿತು ಎಂದು ಖುಷಿಯಿಂದ ರೈಲು ಹತ್ತಿದವರು.

ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಮೊದಲಿಂದಲೂ ಮಂಡ್ಯ, ರಾಮನಗರ, ತುಮಕೂರು ಕಡೆಯ ಹೆಣ್ಣುಮಕ್ಕಳು ಹೋಗುತ್ತಿದ್ದಾರೆ. ಅವರಿಗೂ ಕಷ್ಟ ಕಡಿಮೆ ಏನಿಲ್ಲ. ಆದರೆ ಜಗಳ ಆದರೆ ಸಂಜೆ ಹೋಗಲು ಒಂದು ಮನೆ ಇದೆ, ಮಾತಾಡಲು ಭಾಷೆ ಇದೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬಿಗಿ ಮಾಡಿದಾಗ ಇದೇ ಹೆಣ್ಣುಮಕ್ಕಳು ಸಾವಿರಗಟ್ಟಲೆ ಹೊಸೂರು ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ವಾಪಸ್ ಪಡೆಯಿತು. ಹಾಸ್ಟೆಲ್ ಹುಡುಗಿಗೆ ಆ ದಾರಿ ಕಷ್ಟ. ಅವಳಿಗೆ ಕೆಲಸ ಕೊಡುವವನೂ ಮಲಗಲು ಜಾಗ ಕೊಡುವವನೂ ಒಬ್ಬನೇ. ಕೆಲಸ ಬಿಟ್ಟ ದಿನವೇ ಸೂರೂ ಹೋಗುತ್ತದೆ. ಕನ್ನಡ ಬಾರದು, ಊರಿಗೆ ಎರಡು ದಿನದ ರೈಲು ಪ್ರಯಾಣ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಲ್ಫ್‌ನಲ್ಲಿ ಪಾಸ್‌ಪೋರ್ಟ್ ಕಂಪನಿಯ ಕೈಯಲ್ಲಿ ಬಿಟ್ಟು ದುಡಿದವರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಆ ಆಧಾರ್ ಕಾರ್ಡ್‌ಗಳ ಕಪಾಟೂ ಅಂಥದ್ದೇ.

ಕಾನೂನು ಇಲ್ಲದೆ ಹೀಗಾಗುತ್ತಿದೆ ಎಂದು ಯಾರೂ ತಿಳಿಯಬಾರದು. 1948ರ ಕಾರ್ಖಾನೆ ಕಾಯ್ದೆಯಿಂದ ಹಿಡಿದು 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಯವರೆಗೆ ಓಟಿಗೆ ಎರಡು ಪಟ್ಟು ಕೂಲಿ ಎಂದೇ ಇದೆ. 1982ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ದೊಡ್ಡ ಮಾತು ಹೇಳಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ. ಹಸಿವಿಗಾಗಿ ಒಪ್ಪಿಕೊಂಡದ್ದನ್ನು ಸ್ವಂತ ಇಷ್ಟ ಎನ್ನಲಾಗದು ಎಂದು ಕೋರ್ಟ್ ಹೇಳಿತು. ಇಷ್ಟೆಲ್ಲ ಇದ್ದರೂ 2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರಿಗೆ ಸಿಗಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ 417 ರೂಪಾಯಿ 60 ಪೈಸೆ, ಎಷ್ಟೋ ಫ್ಯಾಕ್ಟರಿಗಳಲ್ಲಿ ಎರಡು ವರ್ಷದ ಹತ್ತಿರ ಸಿಗಲಿಲ್ಲ. ಕೊಡಬೇಕೆಂದು ಹೈಕೋರ್ಟ್ ಹೇಳಿದ ಮೇಲೂ. ಆಗ ಬಾಕಿಯಾದದ್ದು ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಹಣ. ಯೂನಿಯನ್‌ಗಳು ಬಿಡದೆ ಹಿಂದೆ ಬಿದ್ದ ಮೇಲೆ, ಹೊರದೇಶದಿಂದಲೂ ಒತ್ತಡ ಬಂದ ಮೇಲೆ, 2022ರಲ್ಲಿ ಬಾಕಿ ಕೊಡಲು ಶುರು ಮಾಡಿದರು.

ಈಗ 30 ದಿನದ ವಿಷಯ. ದರ ಏರಿದ್ದಕ್ಕಿಂತ ಇದಕ್ಕೇ ನಿಮ್ಮಲ್ಲಿ ಹೆಚ್ಚು ಜನ ಬೇಸರ ಮಾಡಿಕೊಳ್ಳಬಹುದು. ಆದರೆ ನಮಗೆ ಇದೇ ಮುಖ್ಯ.

ಕೃಷ್ಣಾಷ್ಟಮಿಗೆ ಮೂರು ದಿನ ಇರುವಾಗ ಫೋನ್ ಬರುತ್ತದೆ. ಮರುದಿನದ ಮೊಸರುಕುಡಿಕೆ ಉತ್ಸವ ವಿಟ್ಲಪಿಂಡಿಗೆ 150 ಟೀ ಶರ್ಟ್ ಬೇಕು, ಎದೆ ಮೇಲೆ ಹೆಸರು, ಬೆನ್ನ ಮೇಲೆ ಪ್ರಾಯೋಜಕರ ಚಿತ್ರ. ನವರಾತ್ರಿಗೆ ಹುಲಿವೇಷದ ತಂಡಗಳದ್ದೂ ಹೀಗೆಯೇ. ಶಾಲೆಗಳು ಮೇ ತಿಂಗಳ ಕೊನೆಗೆ ಎಚ್ಚರಾಗುತ್ತವೆ. ಆ ಅವಸರ ಫೋನಿನಲ್ಲಿ ಘಟಕಕ್ಕೆ ಹೋಗುತ್ತದೆ, ಘಟಕದಿಂದ ಸೂಪರ್‌ವೈಸರ್‌ಗೆ, ಅವನಿಂದ ಲೈನಿಗೆ. ಗಂಟೆಗೆ 60 ಕಾಲರ್ ಹಚ್ಚುತ್ತಿದ್ದವಳಿಗೆ 80ರ ಟಾರ್ಗೆಟ್ ಬೀಳುತ್ತದೆ. ಟಾಯ್ಲೆಟ್‌ಗೆ ಎದ್ದರೆ ಬೈಗುಳ, ನೀರು ಕುಡಿದರೆ ಏಳಬೇಕಾಗುತ್ತದೆಂದು ನೀರನ್ನೇ ಕುಡಿಯದೆ ಕೂರುವುದು. ರಾತ್ರಿ ಯಾರು ಉಳಿಯಬೇಕು? ಮನೆ ಇದ್ದವಳು ಬಸ್ಸಿಗೆ ಹೊರಡುತ್ತಾಳೆ. ಹಾಸ್ಟೆಲ್ ಹುಡುಗಿ ಅಲ್ಲೇ ಇರುತ್ತಾಳಲ್ಲ, ಅವಳೇ ಉಳಿಯಬೇಕು. ಕೊನೇ ಗಳಿಗೆಯ ಆರ್ಡರ್ ಅಗ್ಗಕ್ಕೆ ಸಿಗುತ್ತಿದ್ದದ್ದು ಹಾಸ್ಟೆಲ್ ಹುಡುಗಿಯ ನಿದ್ದೆಯ ಲೆಕ್ಕದಲ್ಲಿ. ಹಾಗಾಗಿ ದರ ಮಾತ್ರ ಏರಿಸಿ ಅವಸರವನ್ನು ಹಾಗೆಯೇ ಉಳಿಸಿಕೊಂಡರೆ, ಅದೇ ರಾತ್ರಿ ಪಾಳಿ ನಮ್ಮ ಸದಸ್ಯೆಯರ ಮೇಲೆ ಬೀಳುತ್ತದೆ ಅಷ್ಟೇ. ನಮ್ಮಲ್ಲಿ ಸಂಜೆ ಆರಕ್ಕೆ ಮೆಷಿನ್ ನಿಲ್ಲುತ್ತದೆ. ಅಷ್ಟಮಿಯ ದಿನಾಂಕ ಪಂಚಾಂಗದಲ್ಲಿ ಮೊದಲೇ ಇದೆ, ಟೂರ್ನಮೆಂಟ್ ದಿನಾಂಕ ನೀವೇ ಗೊತ್ತು ಮಾಡುತ್ತೀರಿ. ದಯವಿಟ್ಟು ಮೊದಲೇ ಹೇಳಿ.

ಸಂಘದ ಸಭೆಯಲ್ಲೇ ಒಬ್ಬರು ಕೇಳಿದರು: ನಾವು ತರಿಸುವುದನ್ನು ನಿಲ್ಲಿಸಿದರೆ ಆ ಹುಡುಗಿಯರ ಕೆಲಸವೇ ಹೋಗುವುದಿಲ್ಲವಾ? ಇದು ನ್ಯಾಯವಾದ ಪ್ರಶ್ನೆ. ಗಾರ್ಮೆಂಟ್ಸ್ ಮುಚ್ಚಿ ಎಂದು ಅಲ್ಲಿ ದುಡಿಯುವವರು ಯಾರೂ ಕೇಳುತ್ತಿಲ್ಲ. ಅವರು ಕೇಳಿದ್ದು ಪಿಎಫ್, 417 ರೂಪಾಯಿ, ಮರ್ಯಾದೆ. ತಮಿಳುನಾಡಿನ ದಿಂಡಿಗಲ್‌ನಲ್ಲಿ ಹೆಣ್ಣುಮಕ್ಕಳ ಯೂನಿಯನ್ 2022ರಲ್ಲಿ ಫ್ಯಾಕ್ಟರಿ ಜೊತೆಗೂ ಬಟ್ಟೆ ಕೊಳ್ಳುವ ದೊಡ್ಡ ಬ್ರ್ಯಾಂಡ್‌ಗಳ ಜೊತೆಗೂ ಒಪ್ಪಂದ ಮಾಡಿಕೊಂಡಿತು. ಕಿರುಕುಳದ ಮೇಲೆ ಕಣ್ಣಿಡಲು ಅಲ್ಲಿ ಕಾರ್ಮಿಕರೇ ನಿಂತರು. ಒಪ್ಪಂದ ಆಯಿತೆಂದು ಫ್ಯಾಕ್ಟರಿ ಮುಚ್ಚಲಿಲ್ಲ. ಕೊಳ್ಳುವವರು ಕೇಳಿದರೆ ಬದಲಾವಣೆ ಆಗುತ್ತದೆ ಎಂಬುದಕ್ಕೆ ನಮಗೆ ಅದೇ ಧೈರ್ಯ. ಹಾಗಾಗಿ ನಾವು ಬಿಟ್ಟ ಘಟಕಕ್ಕೂ ಪತ್ರ ಬರೆದಿದ್ದೇವೆ. ಸಂಬಳದ ಚೀಟಿ ಕೊಡಿ, ಗೇಟಿನ ಬೀಗ ತೆಗೆಯಿರಿ, ಕಾರ್ಡ್ ವಾಪಸ್ ಮಾಡಿ. ಇಷ್ಟು ಆದ ದಿನ ಮತ್ತೆ ನಿಮ್ಮಲ್ಲಿಗೆ ಆರ್ಡರ್ ಬರುತ್ತದೆ ಎಂದು ತಿಳಿಸಿದ್ದೇವೆ. ಉತ್ತರ ಬಂದಿಲ್ಲ.

310 ರೂಪಾಯಿ ಎಲ್ಲಿಗೆ ಹೋಗುತ್ತದೆ ಎಂದೂ ನೋಡಿ. ಬಟ್ಟೆಗೆ 110. ಕಾಲರ್, ಗುಂಡಿ, ನೂಲು ಸೇರಿ 25. ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡುವ ಕೂಲಿ, ಅದರ ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಸೇರಿ 105. ಬಾಡಿಗೆ, ಕರೆಂಟು, ಮೆಷಿನ್ ಸಾಲಕ್ಕೆ 45. ಸಾಗಾಟ ಮತ್ತು ಹಾಳಾಗುವ ಪೀಸ್‌ಗೆ 25. ಪ್ರಿಂಟಿಂಗ್ ಬೇರೆ. ಈ ಲೆಕ್ಕದ ಪುಸ್ತಕ ಅಂಗಡಿಯಲ್ಲೇ ಇಟ್ಟಿದ್ದೇವೆ, ಯಾರು ಬೇಕಾದರೂ ನೋಡಬಹುದು.

ನಾವು ಮಾತು ಕೊಡುವುದು ಹೊಲಿಗೆಯ ಬಗ್ಗೆ ಮಾತ್ರ. ಬಟ್ಟೆ ತಿರುಪುರದಿಂದ ಕೆಜಿ ಲೆಕ್ಕದಲ್ಲಿ ಬರುತ್ತದೆ. ಅದರ ನೂಲು ಆ ಕಡೆಯ ಗಿರಣಿಗಳಲ್ಲಿ ತಯಾರಾಗುತ್ತದೆ. ಮೂರು ವರ್ಷ ದುಡಿದರೆ ಮದುವೆಗೆ ಇಡಿಗಂಟು ಕೊಡುತ್ತೇವೆ ಎಂದು ಬಡವರ ಹುಡುಗಿಯರನ್ನು ಕರೆತಂದು ಹಾಸ್ಟೆಲ್‌ನಲ್ಲಿ ಕೂಡಿಹಾಕುತ್ತಿದ್ದ 'ಸುಮಂಗಲಿ' ಪದ್ಧತಿ ಬೆಳೆದದ್ದು ಆ ಗಿರಣಿಗಳಲ್ಲೇ. ನೂಲು ಎಲ್ಲಿಯದು ಎಂದು ಬಟ್ಟೆ ವ್ಯಾಪಾರಿಗಳನ್ನು ಕೇಳುತ್ತಿದ್ದೇವೆ, ಕೇಳುತ್ತಲೇ ಇರುತ್ತೇವೆ. ಅದು ಖಚಿತವಾಗುವವರೆಗೆ 'ಪೂರ್ತಿ ನ್ಯಾಯದ ಬಟ್ಟೆ' ಎಂದು ಬೋರ್ಡ್ ಹಾಕುವುದಿಲ್ಲ.

ಹೊಸ ಮೆಷಿನ್‌ಗಳಿಗೆ ಹೊಲಿಗೆ ಬಲ್ಲವರು ಬೇಕಾಗಿದ್ದಾರೆ. ಕಟ್ಟಡ ಕೆಲಸಕ್ಕೆ ಬಾಗಲಕೋಟೆ, ಕೊಪ್ಪಳದಿಂದ ಬಂದ ಕುಟುಂಬಗಳ ಹೆಣ್ಣುಮಕ್ಕಳಿರಲಿ, ಮಲ್ಪೆ ಬಂದರಿನ ಕೆಲಸಕ್ಕೆ ಬಂದ ಹೊರರಾಜ್ಯದವರ ಮನೆಯವರಿರಲಿ, ಎಲ್ಲರಿಗೂ ಸದಸ್ಯೆಯರಷ್ಟೇ ಕೂಲಿ. ದಾಖಲೆಯ ಪ್ರತಿ ಮಾತ್ರ ಪಡೆಯುತ್ತೇವೆ, ಮೂಲ ಕಾರ್ಡ್ ಅವರ ಕೈಯಲ್ಲೇ. ನಿಮಗೆ ಗೊತ್ತಿರುವವರಿದ್ದರೆ ಕಳಿಸಿಕೊಡಿ.

ಮಾರ್ಚ್ 31ರೊಳಗೆ ಮುಂಗಡ ಕೊಟ್ಟವರಿಗೆ ಹಳೇ ದರವೇ, ಹೆಚ್ಚುವರಿ ಖರ್ಚನ್ನು ಸಂಘ ಭರಿಸುತ್ತದೆ. ಈ ಜೂನ್‌ನ ಶಾಲಾ ಟೀ ಶರ್ಟ್‌ಗೆ ಆರ್ಡರ್ ಕೊಡಲು ಕೊನೆಯ ದಿನ ಏಪ್ರಿಲ್ 15. ಮುಖ್ಯೋಪಾಧ್ಯಾಯರು ಮಕ್ಕಳ ಅಳತೆಯ ಪಟ್ಟಿಯನ್ನು ಬೇಸಿಗೆ ರಜೆಗೆ ಮೊದಲೇ ಕಳಿಸಿದರೆ ತುಂಬಾ ಉಪಕಾರ. 310 ರೂಪಾಯಿ ಕೊಡಲು ಕಷ್ಟವಿರುವ ಸರ್ಕಾರಿ ಶಾಲೆಗಳು ಎರಡು ಕಂತಿನಲ್ಲಿ ಕೊಡಬಹುದು.

ನಿಮ್ಮ ವಿಶ್ವಾಸಿಗಳು,
ಅಧ್ಯಕ್ಷೆ ಮತ್ತು ಕಾರ್ಯದರ್ಶಿ,
ಸಂಘದ ಎಲ್ಲ ಸದಸ್ಯೆಯರ ಪರವಾಗಿ, ಉಡುಪಿ