ಬಂಪರ್ ಹೊಡೆದರೆ ಬಾಯಿಗೆ ಬೀಗವಿರಲಿ

ಮಾನ್ಯ ಸಂಪಾದಕರೇ,

ರಾಜ್ಯದಲ್ಲಿ ಲಾಟರಿ 2007ರಲ್ಲೇ ನಿಂತರೂ, ವಯನಾಡಿಗೆ ಹೋದ ಮೈಸೂರು, ಮಂಡ್ಯದವರು ಕೇರಳದ ಟಿಕೆಟ್ ಕೊಳ್ಳುವುದುಂಟು. ದೊಡ್ಡ ಬಹುಮಾನ ಬಂದರೆ ಟಿಕೆಟ್ಟಿನ ಫೋಟೊ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಬೇಡಿ. ಸಂಖ್ಯೆ, ಬಾರ್‌ಕೋಡ್ ಸಿಕ್ಕರೆ ನಕಲಿ ಮಾಡುವವರಿಗೆ ಸಲೀಸು; ಸಾಲ ಕೇಳುವವರಂತೂ ಸಂಜೆಯೊಳಗೆ ಬಾಗಿಲಲ್ಲಿ! ಹಿಂಬದಿಯಲ್ಲಿ ಹೆಸರು, ವಿಳಾಸ ಬರೆದು ಸಹಿ ಮಾಡಿ. ಎರಡೂ ಬದಿಯ ಜೆರಾಕ್ಸ್ ಇಟ್ಟುಕೊಂಡು ಬ್ಯಾಂಕ್ ಮೂಲಕವೇ ಸಲ್ಲಿಸಿ. ಕೌಂಟರಿನಲ್ಲಲ್ಲ, ಮ್ಯಾನೇಜರ್ ಕೊಠಡಿಯಲ್ಲಿ ಕೊಟ್ಟು ರಸೀದಿ ಪಡೆಯಿರಿ. ಹೆಸರು, ಭಾವಚಿತ್ರ ಪ್ರಕಟಿಸಬಾರದೆಂಬ ಮನವಿಯನ್ನು ಅರ್ಜಿಯ ಜೊತೆಗೇ ಲಗತ್ತಿಸಿ. ಟಿಕೆಟ್ ಮಾರಿದ ಅಂಗಡಿಗೆ ಹೇಳುವ ಅಗತ್ಯವಿಲ್ಲ, ಏಜೆಂಟರ ಕಮಿಷನ್ ಅವರಿಗೆ ಹೇಗೂ ತಲುಪುತ್ತದೆ. ಶೇ 30 ತೆರಿಗೆ ಮೂಲದಲ್ಲೇ ಕಡಿತವಾಗುವುದರಿಂದ, ‘ಮೊದಲು ತೆರಿಗೆ ಕಟ್ಟಿ’ ಎಂದು ಫೋನ್ ಮಾಡುವವರು ವಂಚಕರೇ.

– ಓದುಗ, ಮಂಡ್ಯ