ಪೀಚೆಕತ್ತಿಯನ್ನು ಬೆಳ್ಳಿಯ ತೂಕಕ್ಕೆ ಮಾರಬೇಡಿ

ಮಾನ್ಯ ಸಂಪಾದಕರೇ,

ಕೊಡವರು ಆಯುಧಗಳನ್ನು ಪೂಜಿಸುವ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂದಿದೆ. ಕೊಡಗಿನ ಐನ್‌ಮನೆಗಳಲ್ಲಿ, ಅಂದರೆ ಕುಟುಂಬದ ಮೂಲ ಮನೆಗಳಲ್ಲಿ, ಕೋವಿ, ಅಗಲ ಅಲಗಿನ ಒಡಿಕತ್ತಿ, ಬೆಳ್ಳಿ ಕೆಲಸದ ಒರೆಯ ಸಣ್ಣ ಬಾಕು ಪೀಚೆಕತ್ತಿಗಳನ್ನು ಹೊರತೆಗೆದು ಒರೆಸಿ, ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜೆಗೆ ಇಡುವ ಹೊತ್ತಿದು. ವಿರಾಜಪೇಟೆಯಲ್ಲಿ ಬೆಳ್ಳಿ ಕೆಲಸ ಮಾಡುವ ನನ್ನ ಅಂಗಡಿಗೆ ಹಳೆಯ ಪೀಚೆಕತ್ತಿಗಳು ಬರುವುದೂ ಈ ದಿನಗಳಲ್ಲೇ. ನಮ್ಮ ತಂದೆಯವರ ಕಾಲದಲ್ಲಿ ಕಳಚಿದ ಕೊಂಡಿ ಬೆಸೆಯಲು, ಸಡಿಲವಾದ ತಗಡು ಕೂರಿಸಲು ತರುತ್ತಿದ್ದರು. ಈಗ ಕರಗಿಸಿ ಕೊಡಿ ಎಂದು ತರುವವರು ಹೆಚ್ಚಾಗಿದ್ದಾರೆ. ಬೆಳ್ಳಿಯ ಬೆಲೆ ಏರಿದ ಮೇಲಂತೂ ಎಷ್ಟೋ ಸಲ ಒರೆ ಮಾತ್ರ ಬರುತ್ತದೆ. ಅಲಗು ಎಲ್ಲಿ ಎಂದು ಕೇಳಿದರೆ ಅದು ಬರೀ ಕಬ್ಬಿಣ, ಕೊಟ್ಟಿಗೆಯಲ್ಲಿದೆ ಎನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕೊಡವರ ನಿಲುವಂಗಿ ಕುಪ್ಯದ ಮೇಲೆ ಚೇಲೆ ಎಂಬ ಕೆಂಪು ನಡುಪಟ್ಟಿ ಸುತ್ತಿ, ಅದರ ಮುಂದೆ ಸಿಕ್ಕಿಸುವ ಪೀಚೆಕತ್ತಿ ಯುದ್ಧಕ್ಕಿಂತ ಮರ್ಯಾದೆಗೆ ಧರಿಸುವ ಆಯುಧ. ಅದರ ಬೆಲೆ ಇರುವುದು ಕೈಕೆಲಸದಲ್ಲಿ, ಜೊತೆಗೆ ಅದನ್ನು ಧರಿಸಿದ ಒಕ್ಕದ, ಅಂದರೆ ಮನೆತನದ, ನೆನಪಿನಲ್ಲಿ. ತಕ್ಕಡಿಗೆ ಅವೆರಡೂ ಸಿಗುವುದಿಲ್ಲ.

ಹಳೆಯದನ್ನು ಹೊಸದರಿಂದ ಬೇರ್ಪಡಿಸುವುದು ಹೇಗೆ ಎಂದು ಸಂಗ್ರಹಕಾರರೂ ಮನೆಯವರೂ ನನ್ನನ್ನು ಕೇಳುತ್ತಾರೆ. ಆಕಾರ ನೋಡಿ ವಯಸ್ಸು ಹೇಳಲು ಹೋಗಬೇಡಿ. ಇಂದು ಹೊಸದಾಗಿ ಮಾಡುವ ಕತ್ತಿಗಳೂ ಹಳೆಯ ರೂಪಗಳನ್ನೇ ಅನುಸರಿಸುತ್ತವೆ. ನೋಡಬೇಕಾದ್ದು ಕೆಲಸವನ್ನು. ಅರಗಿನ ಮೇಲೆ ತಗಡು ಕೂರಿಸಿ ಉಳಿಯಿಂದ ಎಬ್ಬಿಸಿದ ಹೂಬಳ್ಳಿಯಲ್ಲಿ ಒಂದು ಎಸಳು ಇನ್ನೊಂದರಂತೆ ಇರುವುದಿಲ್ಲ. ತಗಡು ಎಲ್ಲಾದರೂ ಬಿಟ್ಟುಕೊಂಡಿದ್ದರೆ ಅದರ ಹಿಂಬದಿಯಲ್ಲಿ ಉಳಿಯ ಪೆಟ್ಟಿನ ತಗ್ಗುಗಳು ಕಾಣುತ್ತವೆ. ಎರಕದ ನಕಲಿನಲ್ಲಿ ಗೆರೆಗಳ ಅಂಚು ಮೊಂಡಾಗಿರುತ್ತದೆ, ಭೂತಗನ್ನಡಿಯಲ್ಲಿ ನೋಡಿದರೆ ಮೂಲೆಗಳಲ್ಲಿ ಸೂಜಿಮೊನೆಯಷ್ಟು ರಂಧ್ರಗಳು ಸಿಗುತ್ತವೆ. ಅಚ್ಚೊತ್ತಿದ್ದಾದರೆ ಹೂಗಳೆಲ್ಲ ಒಂದೇ ತದ್ರೂಪು.

ಸವೆತವನ್ನೂ ನೋಡಬೇಕು. ಬೆರಳು ತಾಗುವ ಉಬ್ಬುಗಳು ನುಣುಪಾಗಿ, ಬೆರಳು ತಾಗದ ಸಂದುಗಳು ಕಪ್ಪಾಗಿ ಇದ್ದರೆ ಅದು ತಲೆಮಾರುಗಳ ಕೈ. ಒರೆಯ ಬಾಯಿ ಅಲಗಿನ ಹರಿತ ಅಂಚು ತಾಗುವ ಕಡೆಗೇ ಹೆಚ್ಚು ಸವೆದಿರುತ್ತದೆ. ಹಳೆಯದಾಗಿ ಕಾಣಲೆಂದು ಆಮ್ಲ ಹಚ್ಚಿದ ಅಲಗಿನ ತುಕ್ಕು ಎಲ್ಲೆಡೆ ಒಂದೇ ಸಮನಾಗಿ ಕೆಂಪಗಿರುತ್ತದೆ, ಒರೆಸಿದರೆ ಬಟ್ಟೆಗೆ ಬರುತ್ತದೆ. ನಿಜವಾದ ಹಳೆಯ ತುಕ್ಕು ಕಡುಕಂದು, ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಹಿಡಿ ಆನೆದಂತದ್ದಾದರೆ ಅಡ್ಡಕೊಯ್ತದ ತುದಿಯಲ್ಲಿ ಒಂದನ್ನೊಂದು ಹಾಯುವ ನವಿರಾದ ಗೆರೆಗಳ ಬಲೆ ಇರುತ್ತದೆ. ಮೂಳೆಯಲ್ಲಿ ಆ ಬಲೆ ಇಲ್ಲ, ಸಣ್ಣ ಕಪ್ಪು ಚುಕ್ಕೆಗಳಿರುತ್ತವೆ. ಕಾಯಿಸಿದ ಸೂಜಿ ಚುಚ್ಚಿ ಪರೀಕ್ಷಿಸುವವರನ್ನು ಮನೆಯೊಳಗೆ ಬಿಡಬೇಡಿ, ಅವರು ಪರೀಕ್ಷೆಯ ಹೆಸರಿನಲ್ಲಿ ವಸ್ತುವನ್ನೇ ಹಾಳುಮಾಡುತ್ತಾರೆ.

ಈ ಗುರುತುಗಳೆಲ್ಲ ಉಳಿಯುವುದು ನಾವು ಉಜ್ಜದಿದ್ದರೆ ಮಾತ್ರ. ಮದುವೆಗೆ ಮೊದಲು ಪಳಪಳ ಹೊಳೆಯಲಿ ಎಂದು ಕೆಲವರು ಬೆಳ್ಳಿಯನ್ನು ಆಮ್ಲದಲ್ಲಿ ಅದ್ದಿಸುತ್ತಾರೆ, ಅಲಗಿಗೆ ಮರಳುಕಾಗದ ಹಾಕಿಸುತ್ತಾರೆ. ಉಳಿಯ ಗೆರೆ ಒಮ್ಮೆ ತೇದುಹೋದರೆ ಯಾವ ಕುಶಲಕರ್ಮಿಯೂ ಅದನ್ನು ಮರಳಿ ತರಲಾರ. ಬೆಳ್ಳಿಗೆ ಅಂಟುವಾಳದ ನೀರು, ಮೆತ್ತನೆಯ ಬಟ್ಟೆ ಸಾಕು. ದಂತಕ್ಕೂ ಅಲಗಿಗೂ ಆ ನೀರು ತಾಗಿಸಬೇಡಿ. ಅಲಗಿಗೆ ತೆಳುವಾಗಿ ಎಣ್ಣೆ ಸವರಿದರಾಯಿತು. ಕೊಡಗಿನ ಮಳೆಗಾಲದಲ್ಲಿ ಅದನ್ನು ತಿಂಗಳುಗಟ್ಟಲೆ ಒರೆಯೊಳಗೇ ಬಿಟ್ಟರೆ ತೇವ ಹಿಡಿಯುತ್ತದೆ. ಬಿಡಿಯಾಗಿ, ಒಣ ಬಟ್ಟೆಯಲ್ಲಿ ಸುತ್ತಿಡಿ.

ಮನೆಮನೆಗೆ ಬರುವ ಹಳೆಯ ಸಾಮಾನಿನ ವ್ಯಾಪಾರಿಗಳ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾ ಸಂಪತ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ಇಂಥ ವಸ್ತು ಪ್ರಾಚೀನ ವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ದಂತದ ಹಿಡಿ ಇದ್ದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅನ್ವಯಿಸುತ್ತದೆ, ದಂತ ಮಾರುವುದೇ ಅಪರಾಧ. ಬಾಗಿಲಿಗೆ ಬಂದವರ ಪರವಾನಗಿ ಕೇಳಿ. ನನ್ನ ಪರಿಚಯದ ಒಂದು ಮನೆಯವರು ಕೇಳಿದ್ದೇ ತಡ, ಬಂದವನು ಚಹಾ ಕುಡಿಯದೆ ಹೊರಟುಹೋದ.

ಸಂಗ್ರಹಕಾರರಲ್ಲಿಯೂ ಒಂದು ವಿನಂತಿ. ಕತ್ತಿ ಯಾವ ಊರಿನದು, ಯಾವ ಒಕ್ಕದ್ದು, ಯಾರ ಮದುವೆಯಲ್ಲಿ ಧರಿಸಿದ್ದು ಎಂಬುದನ್ನು ಬರೆದಿಟ್ಟುಕೊಳ್ಳದೆ ಕೊಳ್ಳಬೇಡಿ. ಒರೆ, ಸರಪಳಿ, ಅದಕ್ಕೆ ಜೋತುಬಿದ್ದ ಪುಟ್ಟ ಬೆಳ್ಳಿ ಸಾಮಾನುಗಳನ್ನು ಬೇರೆ ಬೇರೆಯಾಗಿ ಮಾರುವವರಿಂದ ಖಂಡಿತ ಕೊಳ್ಳಬೇಡಿ. ಒಂದೇ ಕತ್ತಿಯನ್ನು ಒಡೆದು ಮೂರು ಕಡೆ ಲಾಭ ಮಾಡುವ ದಂಧೆ ನಿಮ್ಮ ಹಣದಿಂದಲೇ ನಡೆಯುತ್ತಿದೆ.

ಮಡಿಕೇರಿ ಕೋಟೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ದಿನ ಗೊತ್ತುಮಾಡಿ, ಜನ ತಮ್ಮ ಮನೆಯ ಕತ್ತಿಗಳನ್ನು ತಂದು ತೋರಿಸಿ, ಫೋಟೊ ತೆಗೆಸಿ, ವಿವರ ಬರೆಸಿ, ಮತ್ತೆ ಮನೆಗೇ ಒಯ್ಯುವಂತೆ ಇಲಾಖೆ ಏರ್ಪಾಡು ಮಾಡಬೇಕು. ಕಸಿದುಕೊಳ್ಳುತ್ತಾರೆಂಬ ಭಯ ಹೋದರೆ ಜನ ಬಂದೇ ಬರುತ್ತಾರೆ. ಅಂಥ ದಿನ ಗೊತ್ತಾದರೆ ಅಂಗಡಿ ಮುಚ್ಚಿ, ಕೂಲಿಯಿಲ್ಲದೆ ಬಂದು ಕೂರಲು ನಾನು ಸಿದ್ಧ. ಒರೆಗಲ್ಲು, ಭೂತಗನ್ನಡಿ ನಾನೇ ತರುತ್ತೇನೆ.

— ಒಬ್ಬ ಬೆಳ್ಳಿ ಕೆಲಸಗಾರ, ವಿರಾಜಪೇಟೆ