ಇನ್ನೂರು ವರ್ಷ ಎಂದು ಬರೆಯುವ ಮೊದಲು

ಪ್ರೀತಿಯ ತಂಗಿ,

ಗುಜರಾತಿ ಪತ್ರಿಕೆ ‘ಮುಂಬೈ ಸಮಾಚಾರ’ದ ಬಗ್ಗೆ ನೀನು ಬರೆದು ಕಳಿಸಿದ ಚರಿತ್ರೆಯ ಮೊದಲ ಅಧ್ಯಾಯ ಓದಿದೆ. ಭಾಷೆ ಚೆನ್ನಾಗಿದೆ. ಆದರೆ ಮೂವತ್ತು ಪುಟದಲ್ಲಿ ಸಂಸ್ಥಾಪಕರಿದ್ದಾರೆ, ಸಮಾರಂಭಗಳಿವೆ, ಪತ್ರಿಕೆ ಮಾತ್ರ ಇಲ್ಲ. ‘ಇನ್ನೂರು ವರ್ಷ ಅವಿಚ್ಛಿನ್ನವಾಗಿ’ ಎಂಬ ಮಾತು ಆರು ಸಲ ಬಂದಿದೆ. ನೀನು ಸಾಬೀತು ಮಾಡಬೇಕಾದದ್ದೇ ಆ ಮಾತು. ಅದನ್ನೇ ಆಧಾರವಾಗಿ ಇಟ್ಟುಕೊಂಡು ಹೊರಟರೆ ಹೇಗೆ?

ಫರ್ದೂನ್‌ಜಿ ಮರ್ಜ್‌ಬಾನ್ 1822ರ ಜುಲೈ 1ರ ಸೋಮವಾರ ಹೊರತಂದದ್ದು ವಾರಪತ್ರಿಕೆ. ಹತ್ತು ಅಂಗುಲಕ್ಕೆ ಎಂಟು ಅಂಗುಲದ ಮೂರು ಹಾಳೆ, ಜೊತೆಗೆ ಅರ್ಧ ಹಾಳೆಯ ಪುರವಣಿ, ಒಟ್ಟು 14 ಪುಟ. 1832ರಲ್ಲಿ ವಾರಕ್ಕೆರಡು ಸಲ, 1855ರಲ್ಲಿ ದಿನಪತ್ರಿಕೆ. ಕಾಮಾ ಮನೆತನದ ಕೈಗೆ ಬಂದದ್ದು 1933ರಲ್ಲಿ. ಹೆಸರು ಉಳಿಯಿತು, ಅವಧಿಯೂ ಒಡೆತನವೂ ಬದಲಾದವು. ನಮ್ಮ ‘ಮಂಗಳೂರು ಸಮಾಚಾರ’ದ್ದು ಇದಕ್ಕೆ ತಿರುಗುಮುರುಗು. ಇಪ್ಪತ್ತೊಂದು ವರ್ಷದ ನಂತರ, ಅದೇ ಜುಲೈ 1ರಂದು, ಬಾಸೆಲ್ ಮಿಷನ್ನಿನ ಪಾದ್ರಿ ಮೋಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ಪಾಕ್ಷಿಕವಾಗಿ ಶುರುಮಾಡಿದರು. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಊರೂ ಹೆಸರೂ ಬದಲಾದ ಮೇಲೆ ಅದು ಒಂದೇ ಪತ್ರಿಕೆಯೋ ಎರಡೋ? ಇಂಥ ಪ್ರಶ್ನೆಯನ್ನು ಮುಂಬೈ ಪತ್ರಿಕೆಗೂ ಕೇಳು. ಪ್ರತಿ ತಿರುವಿನಲ್ಲಿ ಏನು ಉಳಿಯಿತು, ಏನು ಹೋಯಿತು? ನಿನ್ನ ಅಧ್ಯಾಯಗಳನ್ನು ಆ ತಿರುವುಗಳಲ್ಲೇ ವಿಂಗಡಿಸು.

ಲೇಖನ ಓದುವುದಕ್ಕೆ ಮೊದಲು ತಲೆಪಟ್ಟಿ, ಅಂದರೆ ಮುಖಪುಟದ ಮೇಲ್ಭಾಗದ ಹೆಸರು-ತಾರೀಖಿನ ಸಾಲು, ಓದು. ಒಂದು ನೋಟ್‌ಬುಕ್ಕಿನಲ್ಲಿ ಎಂಟು ಅಂಕಣ ಹಾಕು: ತಾರೀಖು, ವಾರ, ಸಂಪುಟ, ಸಂಚಿಕೆ, ಪುಟ, ಬೆಲೆ, ಮುದ್ರಕರ ಹೆಸರು, ಮುದ್ರಣಾಲಯದ ಜಾಗ. ವಾರಪತ್ರಿಕೆಗೆ ವರ್ಷಕ್ಕೆ 52 ಸಂಚಿಕೆ, ವಾರಕ್ಕೆರಡಾದರೆ 104. ಲೆಕ್ಕ ತಪ್ಪಿದರೆ ಪತ್ರಿಕೆ ನಿಂತಿತ್ತು ಎಂದು ಕೂಡಲೇ ಬರೆಯಬೇಡ. ಅಚ್ಚಿನ ಮೊಳೆ ಜೋಡಿಸುವವರು ಹಿಂದಿನ ಸಂಚಿಕೆಯ ಅಂಕಿ ಬದಲಿಸಲು ಮರೆತಿರಬಹುದು. ಹಾಗಾಗಿದ್ದರೆ ಒಂದೇ ಅಂಕಿ ಎರಡು ಸಲ ಬರುತ್ತದೆ, ಮುಂದೆ ಸರಿಹೋಗುತ್ತದೆ. ಅಂಕಿ ಸರಿಹೋಗದೆ ತಿಂಗಳುಗಟ್ಟಲೆ ಹಿಂದುಳಿದರೆ ಮಾತ್ರ ಕಾರಣ ಹುಡುಕು: ಮುಷ್ಕರವೋ, ಕಾಗದದ ಅಭಾವವೋ, ಮೊಕದ್ದಮೆಯೋ.

ತಾರೀಖಿನಲ್ಲಿ ಕನ್ನಡದವರು ಎಡವುವ ಜಾಗವೊಂದಿದೆ. ಗುಜರಾತಿನ ವಿಕ್ರಮ ಸಂವತ್ ಯುಗಾದಿಗೆ ಬದಲಾಗುವುದಿಲ್ಲ, ದೀಪಾವಳಿಯ ಮರುದಿನ ಬದಲಾಗುತ್ತದೆ. ಇಸವಿ ತಿಳಿಯಲು ಆ ದಿನದಿಂದ ಡಿಸೆಂಬರ್ ಕೊನೆಯವರೆಗೆ ಸಂವತ್ಸರದ ಅಂಕಿಯಿಂದ 57 ಕಳೆಯಬೇಕು, ಜನವರಿಯಿಂದ ಮುಂದಿನ ದೀಪಾವಳಿಯವರೆಗೆ 56. ಪಾರ್ಸಿ ತಾರೀಖು ಸಿಕ್ಕಿದರೆ ಇನ್ನೂ ಎಚ್ಚರ ಬೇಕು. ಶಹನ್‌ಶಾಹಿ, ಕದ್ಮಿ ಎಂಬ ಎರಡು ಲೆಕ್ಕಗಳಿಗೆ ಸರಿಯಾಗಿ ಒಂದು ತಿಂಗಳ ವ್ಯತ್ಯಾಸ. ಎರಡರಲ್ಲೂ ವರ್ಷಕ್ಕೆ 365 ದಿನ ಮಾತ್ರ, ಅಧಿಕ ದಿನವಿಲ್ಲ. ಹಾಗಾಗಿ ನಾಲ್ಕು ವರ್ಷಕ್ಕೊಂದು ದಿನ ಹಿಂದೆ ಸರಿಯುತ್ತವೆ. ಇಂದಿನ ಪಂಚಾಂಗ ಹಿಡಿದು 1822ರ ದಿನ ಲೆಕ್ಕ ಹಾಕಿದರೆ ತಿಂಗಳಿಗಿಂತ ಹೆಚ್ಚು ತಪ್ಪುತ್ತದೆ.

ಒಡೆತನಕ್ಕೆ ಸಂಪಾದಕೀಯ ನಂಬಬೇಡ. 1867ರ ಮುದ್ರಣಾಲಯ ಕಾಯಿದೆಯ ಪ್ರಕಾರ ಮುದ್ರಕರ ಹೆಸರು, ಮುದ್ರಣದ ಸ್ಥಳ ಪ್ರತಿಯೊಂದು ಸಂಚಿಕೆಯಲ್ಲೂ ಇರಲೇಬೇಕಿತ್ತು. ಸಣ್ಣ ಅಕ್ಷರದ ಆ ಸಾಲಿನಲ್ಲಿ ಹೆಸರು ಬದಲಾದ ದಿನವನ್ನು ಗುರುತು ಹಾಕಿಕೋ. ಪತ್ರಿಕೆಗಳ ನೋಂದಣಿಗೆ 1956ರ ನಿಯಮ ಬಂದ ಮೇಲೆ ಕೆಲಸ ಇನ್ನೂ ಸುಲಭ. ವರ್ಷವರ್ಷವೂ ಫೆಬ್ರವರಿ ಮುಗಿದ ನಂತರದ ಮೊದಲ ಸಂಚಿಕೆಯಲ್ಲಿ ‘ನಮೂನೆ 4’ ಎಂಬ ಒಡೆತನದ ಹೇಳಿಕೆ ಅಚ್ಚಾಗುತ್ತಿತ್ತು. ಸಂಪಾದಕರು, ಪ್ರಕಾಶಕರು, ಬಂಡವಾಳದಲ್ಲಿ ಶೇಕಡ ಒಂದಕ್ಕಿಂತ ಹೆಚ್ಚು ಪಾಲಿದ್ದವರು, ಎಲ್ಲರೂ ಅಲ್ಲಿ ಸಿಗುತ್ತಾರೆ. ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಳು ಬಿಟ್ಟ ಹೆಸರುಗಳೂ ಅಲ್ಲಿರುತ್ತವೆ.

ಪುಟಗಳ ಸಂಖ್ಯೆಯೂ ಮಾತಾಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ ನ್ಯೂಸ್‌ಪ್ರಿಂಟ್ ಸಿಗದೆ ಪತ್ರಿಕೆಗಳು ಸಣಕಲಾದವು. 1972ರಲ್ಲಿ ಸರ್ಕಾರ ಹತ್ತು ಪುಟದ ಮಿತಿ ಹೇರಿತು, ಅದೇ ವರ್ಷ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಇನ್ನು 1975ರ ಜೂನ್ ಕೊನೆಯಿಂದ 1977ರ ಮಾರ್ಚ್‌ವರೆಗಿನ ತುರ್ತುಪರಿಸ್ಥಿತಿಯ ಸಂಚಿಕೆಗಳು. ಅಲ್ಲಿ ಏನು ಅಚ್ಚಾಯಿತು ಎನ್ನುವುದಕ್ಕಿಂತ ಏನು ಅಚ್ಚಾಗಲಿಲ್ಲ ಎನ್ನುವುದು ಮುಖ್ಯ. ಅದೇ ದಿನದ ಇನ್ನೆರಡು ಪತ್ರಿಕೆ ಪಕ್ಕಕ್ಕಿಟ್ಟು ಓದದೆ ಅದು ಕಾಣದು.

ಕಟ್ಟು ಹಾಕಿದ ಸಂಪುಟಗಳು ಸಂಪೂರ್ಣ ಎಂದುಕೊಳ್ಳಬೇಡ. ಬೈಂಡಿನವರು ಅಂಚು ಕತ್ತರಿಸುವಾಗ ತಲೆಪಟ್ಟಿಯ ಸಾಲು ಹೋಗಿರುತ್ತದೆ, ಪುರವಣಿ ಕಳಚಿರುತ್ತದೆ. ಕಚೇರಿಯ ಕಡತದಲ್ಲಿ ಸಾಮಾನ್ಯವಾಗಿ ನಗರ ಆವೃತ್ತಿಯಷ್ಟೇ ಉಳಿಯುತ್ತದೆ. ಹೊರ ಊರಿಗೆ ಹೋದ ಪ್ರತಿಯ ಮುಖಪುಟ ಬೇರೆಯೇ ಇದ್ದಿರಬಹುದು. ನ್ಯೂಸ್‌ಪ್ರಿಂಟನ್ನು ಮರದ ತಿರುಳಿನಿಂದ ಮಾಡುವುದರಿಂದ ಅದರಲ್ಲಿ ಆಮ್ಲ ಬೆಳೆದು ಕಾಗದ ಹಳದಿಗಟ್ಟಿ ಮಡಿಕೆಯಲ್ಲೇ ಮುರಿಯುತ್ತದೆ. ಜೆರಾಕ್ಸ್ ಯಂತ್ರದ ಮೇಲೆ ಸಂಪುಟದ ಬೆನ್ನು ಒತ್ತಬೇಡ. ಮೇಲಿನಿಂದ ಫೋಟೋ ತೆಗೆ, ಫ್ಲ್ಯಾಶ್ ಬೇಡ. ಎರಡೂ ಕೈಯಿಂದ ಪುಟ ತಿರುಗಿಸು, ಬೆರಳಿಗೆ ಎಂಜಲು ಹಚ್ಚಬೇಡ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಲೇಬೇಡ, ಅದರ ಅಂಟು ಅಕ್ಷರಗಳನ್ನೇ ತಿನ್ನುತ್ತದೆ.

ಪ್ರಸಾರದ ಅಂಕಿಯಲ್ಲಿ ಅಚ್ಚಾದ ಪ್ರತಿ, ಮಾರಾಟವಾದ ಪ್ರತಿ, ಓದುಗರು ಮೂರೂ ಬೇರೆ. ಯಾವುದೆಂದು ಬರೆಯದ ಅಂಕಿಯನ್ನು ಪುಸ್ತಕಕ್ಕೆ ತರಬೇಡ.

ಎರಡನೆಯ ಅಧ್ಯಾಯ ಸದ್ಯ ಬೇಡ. 1957ರಿಂದ ಪ್ರತಿ ವರ್ಷದ ಮಾರ್ಚ್ ಮೊದಲ ವಾರದ ಸಂಚಿಕೆ ತೆಗೆದು ನಮೂನೆ 4ರ ಪಟ್ಟಿ ಮಾಡು. ಸಿಗದ ವರ್ಷಗಳ ಜಾಗ ಖಾಲಿಯೇ ಇರಲಿ. ಆ ಪಟ್ಟಿ ಕಳಿಸು.

ನಿನ್ನ,
ಅಣ್ಣ